ತರಗತಿಯೂ ಡೇಂಜರ್ ರೂಮೂ

ಹದಿಹರೆಯದ ಸೂಪರ್‌ಹೀರೊಗಳಿಗಾಗಿ ತಮ್ಮದೇ ಆದ ಒಂದು ಶಾಲೆಯನ್ನೂ ಆ ಶಾಲೆಯಿಂದ ಹೊರಡುವ ತಂಡವನ್ನೂ ಕಲ್ಪಿಸಿಕೊಳ್ಳುವುದು ಕಾಮಿಕ್ಸ್ ಪ್ರಿಯರಿಗೆ, ಅದರಲ್ಲೂ ಬರೆಯುವ ಮತ್ತು ಚಿತ್ರಿಸುವ ಹಂಬಲವುಳ್ಳವರಿಗೆ, ಬಹಳ ಮೆಚ್ಚಿನ ಹವ್ಯಾಸ. ಇದಕ್ಕೆ ಕೈಹಾಕಿದವರು ಸಾಮಾನ್ಯವಾಗಿ ಶಕ್ತಿಗಳ ಪಟ್ಟಿಯಿಂದ ಆರಂಭಿಸುತ್ತಾರೆ. ಒಬ್ಬ ಹಾರಬಲ್ಲವನು, ಒಬ್ಬಳು ಮನಸ್ಸನ್ನು ಓದಬಲ್ಲವಳು, ಮತ್ತೊಬ್ಬ ಗೋಡೆ ಒಡೆಯಬಲ್ಲವನು ಎಂದು ಗೊತ್ತುಮಾಡಿಕೊಂಡು, ಅವರಿಗೆ ಹೆಸರನ್ನೂ ವೇಷವನ್ನೂ ಕೊಟ್ಟು, ಕೊನೆಯಲ್ಲಿ ಒಂದು ಕಟ್ಟಡವನ್ನು ಹೊಂದಿಸುತ್ತಾರೆ. ಆದರೆ ಈ ಪ್ರಕಾರದ ಒಳ್ಳೆಯ ಕೃತಿಗಳನ್ನು ಒಂದಾದ ಮೇಲೊಂದರಂತೆ ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಶಾಲೆ ಇರುವುದು ವಿದ್ಯಾರ್ಥಿಗಾಗಿ, ತಂಡ ಇರುವುದು ಕಾರ್ಯಕ್ಕಾಗಿ, ಮತ್ತು ಈ ಎರಡು ಉದ್ದೇಶಗಳು ಒಂದೇ ಸೂರಿನಡಿ ನೆಮ್ಮದಿಯಿಂದ ಬಾಳಲಾರವು. ಆ ತಿಕ್ಕಾಟವನ್ನು ಮುಚ್ಚದೆ ಕತೆಯ ಮಧ್ಯಕ್ಕೆ ತಂದವರು ಮಾತ್ರ ನೆನಪಿನಲ್ಲಿ ಉಳಿಯುವ ಶಾಲೆಗಳನ್ನು ಕಟ್ಟಿದ್ದಾರೆ.

ಇಂಥ ಶಾಲೆಗಳ ಮೂಲ ಮಾದರಿಯೆಂದರೆ 1963ರಲ್ಲಿ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಮಾರ್ವೆಲ್ ಸಂಸ್ಥೆಗಾಗಿ ರೂಪಿಸಿದ ‘ಎಕ್ಸ್-ಮೆನ್’. ಇದರ ಪಾತ್ರಗಳು ‘ಮ್ಯುಟೆಂಟ್’ಗಳು, ಅಂದರೆ ಯಾವ ಅಪಘಾತವೂ ಪ್ರಯೋಗವೂ ಇಲ್ಲದೆ ಹುಟ್ಟಿನಿಂದಲೇ ದೇಹದಲ್ಲಿ ಅಡಗಿದ ತಳಿಗುಣದ ಮಾರ್ಪಾಡಿನಿಂದ, ಸಾಮಾನ್ಯವಾಗಿ ಪ್ರಾಯಕ್ಕೆ ಬರುವ ಹೊತ್ತಿಗೆ, ಅಸಾಧಾರಣ ಶಕ್ತಿ ತಲೆದೋರುವ ಮನುಷ್ಯರು. ಪ್ರತಿ ನಾಯಕನಿಗೂ ಹೊಸ ಮೂಲಕಥೆ ಹೊಸೆಯುವ ಕಷ್ಟವನ್ನು ತಪ್ಪಿಸಿಕೊಳ್ಳಲು ಈ ಉಪಾಯ ಹೂಡಿದ್ದಾಗಿ ಲೀ ಮುಂದೆ ಹಲವು ಸಲ ಹೇಳಿಕೊಂಡರು. ಉಪಾಯದ ಹಿಂದಿನ ಕಾರಣ ಸಣ್ಣದಾದರೂ ಫಲ ದೊಡ್ಡದಾಯಿತು, ಏಕೆಂದರೆ ದೇಹ ತನ್ನ ಮಾತು ಕೇಳದೆ ಬದಲಾಗುವ ವಯಸ್ಸು ಮತ್ತು ಶಕ್ತಿ ಮೂಡುವ ವಯಸ್ಸು ಒಂದೇ ಆದಾಗ, ಶಾಲೆಯೆಂಬುದು ಕತೆಗೆ ತಾನಾಗಿಯೇ ಬೇಕಾಗುತ್ತದೆ.

ಮೊದಲ ಸಂಚಿಕೆಯನ್ನು ಈಗ ಬಿಡಿಸಿ ನೋಡಿದರೂ ಮೇಲೆ ಹೇಳಿದ ತಿಕ್ಕಾಟ ಕಣ್ಣಿಗೆ ಬೀಳುತ್ತದೆ. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ವೆಸ್ಟ್‌ಚೆಸ್ಟರ್ ಕೌಂಟಿಯ ಒಂದು ಬಂಗಲೆಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಪ್ರೊಫೆಸರ್ ಚಾರ್ಲ್ಸ್ ಝೇವಿಯರ್ ಬಾಯಿ ತೆರೆಯದೆ, ಮನಸ್ಸಿನಿಂದಲೇ, ವಿದ್ಯಾರ್ಥಿಗಳನ್ನು ಕರೆಯುತ್ತಾನೆ. ನಾಲ್ವರು ಹುಡುಗರು ಬಂದು ಕಸರತ್ತು ತೋರಿಸುತ್ತಾರೆ. ಹೊರಗೆ ಕಾರಿನಿಂದ ಇಳಿಯುವ ಹೊಸ ವಿದ್ಯಾರ್ಥಿನಿ ಜೀನ್ ಗ್ರೇಯನ್ನು ನೋಡಲು ಅವರು ಕಿಟಕಿಗೆ ಮುಗಿಬೀಳುತ್ತಾರೆ. ಒಬ್ಬ ಅತಿಸಲುಗೆ ತೋರಲು ಹೋದಾಗ ಅವಳು ಅವನನ್ನು ಮನಸ್ಸಿನ ಬಲದಿಂದಲೇ ಗಾಳಿಗೆತ್ತಿ ಬುದ್ಧಿ ಕಲಿಸುತ್ತಾಳೆ. ಇಷ್ಟರವರೆಗೆ ಇದು ಶಾಲೆಯೇ. ಆದರೆ ಅದೇ ಸಂಚಿಕೆಯ ಉತ್ತರಾರ್ಧದಲ್ಲಿ, ಕ್ಷಿಪಣಿ ನೆಲೆಯೊಂದನ್ನು ವಶಪಡಿಸಿಕೊಂಡ ಮ್ಯಾಗ್ನೀಟೊನ ಎದುರು ಈ ಮಕ್ಕಳನ್ನು ಯುದ್ಧಕ್ಕೆ ಕಳುಹಿಸಲಾಗುತ್ತದೆ, ಮತ್ತು ಆಗತಾನೇ ಸೇರಿದ ಹುಡುಗಿಯೂ ಅವರೊಡನೆ ಹೊರಡುತ್ತಾಳೆ. ಬೀಜಗಣಿತದ ಪಾಠವನ್ನಾಗಲಿ ಇತಿಹಾಸದ ಪಾಠವನ್ನಾಗಲಿ ಓದುಗ ಕಾಣುವುದೇ ಇಲ್ಲ. ಕಾಣುವುದೆಲ್ಲ ‘ಡೇಂಜರ್ ರೂಮ್’, ಎಂದರೆ ಗೋಡೆ ನೆಲಗಳಿಂದ ಅಪಾಯಗಳು ಹಾರಿಬರುವಂತೆ ಯಂತ್ರಗಳನ್ನು ಅಳವಡಿಸಿದ ತರಬೇತಿ ಕೋಣೆ. ಐವರಿಗೂ ಒಂದೇ ಬಗೆಯ ಹಳದಿ ಮತ್ತು ಕಡುನೀಲಿ ಸಮವಸ್ತ್ರ ತೊಡಿಸಿದ ಕರ್ಬಿಯ ಕೈ ಅವರನ್ನು ವಿದ್ಯಾರ್ಥಿಗಳೆಂದು ಹೇಳುತ್ತಿದ್ದರೆ, ಲೀಯ ಕತೆ ಅವರನ್ನು ಸೈನಿಕರಂತೆ ನಡೆಸಿಕೊಂಡಿತು. ಏಳನೆಯ ಸಂಚಿಕೆಗಾಗಲೇ ಅವರ ಪದವಿ ಪ್ರದಾನವೂ ಮುಗಿದುಹೋಯಿತು. ಮಾದರಿಯನ್ನು ಹಾಕಿಕೊಟ್ಟ ಶ್ರೇಯಸ್ಸು ಈ ಜೋಡಿಯದಾದರೂ, ಶಾಲೆಯನ್ನು ನಿಜವಾಗಿ ವಾಸಯೋಗ್ಯ ಮಾಡಿದವನು 1975ರಿಂದ 1991ರವರೆಗೆ ಆ ಸರಣಿಯನ್ನು ಬರೆದ ಕ್ರಿಸ್ ಕ್ಲೇರ್‌ಮಾಂಟ್.

ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ 1980ರಲ್ಲಿ ಕಿಟ್ಟಿ ಪ್ರೈಡ್ ಎಂಬ ಹದಿಮೂರರ ಹುಡುಗಿಯನ್ನು ತಂದರು. ಗಟ್ಟಿ ವಸ್ತುಗಳ ಮೂಲಕ ದಾಟಿಹೋಗುವುದು ಅವಳ ಶಕ್ತಿ. 143ನೆಯ ಸಂಚಿಕೆಯಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಉಳಿದವರೆಲ್ಲ ಹೊರಗೆ ಹೋಗಿರುವಾಗ ಬಂಗಲೆಯಲ್ಲಿ ಒಬ್ಬಳೇ ಉಳಿದ ಈ ಯೆಹೂದಿ ಹುಡುಗಿಯ ಬೆನ್ನಿಗೆ ಒಂದು ರಾಕ್ಷಸ ಬೀಳುತ್ತದೆ. ಶಾಲೆಯನ್ನು ಕಲ್ಪಿಸಹೊರಟ ಯಾರೇ ಆದರೂ ಈ ಸಂಚಿಕೆಯನ್ನು ಪಾಠದಂತೆ ಓದಬೇಕು. ಕಿಟ್ಟಿಯಲ್ಲಿ ಹೊಡೆಯುವ ಬಲವಿಲ್ಲ. ಅವಳಿಗಿರುವುದು ತಾನು ವಾಸಿಸುವ ಕಟ್ಟಡದ ಪರಿಚಯ. ಗೋಡೆಗಳ ಮೂಲಕ ನುಸುಳಿ, ಡೇಂಜರ್ ರೂಮಿನ ಯಂತ್ರಗಳನ್ನೇ ಶತ್ರುವಿನ ಮೇಲೆ ತಿರುಗಿಸಿ, ಅದೂ ಸಾಲದಾದಾಗ ಕೆಳಗಿನ ವಿಮಾನಖಾನೆಗೆ ಅದನ್ನು ಸೆಳೆದುಕೊಂಡು ಹೋಗಿ, ಜೆಟ್ ವಿಮಾನದ ಎಂಜಿನ್ನಿನ ಬೆಂಕಿಯಲ್ಲಿ ಸುಟ್ಟುಹಾಕುತ್ತಾಳೆ. ಇಡೀ ಹೋರಾಟ ಮನೆಯ ನಕ್ಷೆಯ ಮೇಲೆ ನಡೆಯುತ್ತದೆ. ಓದಿ ಮುಗಿಸಿದವನಿಗೆ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂಬುದು ಗೊತ್ತಾಗಿರುತ್ತದೆ. ಕಾಗದದ ಮೇಲಿನ ಅನೇಕ ಕಲ್ಪಿತ ಶಾಲೆಗಳು ಸೊರಗುವುದು ಇಲ್ಲಿಯೇ: ಅವುಗಳ ಮುಂಭಾಗದ ಚಿತ್ರ ಭವ್ಯವಾಗಿರುತ್ತದೆ, ಆದರೆ ವಿದ್ಯಾರ್ಥಿಗಳು ಊಟ ಮಾಡುವ ಜಾಗ ಯಾವುದು, ರಾತ್ರಿ ಅಳು ಬಂದಾಗ ಹೋಗಿ ಕೂರುವ ಮೂಲೆ ಯಾವುದು ಎಂಬುದು ಬರೆದವರಿಗೂ ತಿಳಿದಿರುವುದಿಲ್ಲ.

ತಂಡದಲ್ಲಿ ತನ್ನ ಯೋಗ್ಯತೆಯನ್ನು ತೋರಿಸಿದ ಇದೇ ಕಿಟ್ಟಿಯನ್ನು 1983ರಲ್ಲಿ ಝೇವಿಯರ್ ವಯಸ್ಸಿನ ಕಾರಣ ಕೊಟ್ಟು ಕಿರಿಯರ ಗುಂಪಿಗೆ ಇಳಿಸಲು ಹೊರಡುತ್ತಾನೆ. 168ನೆಯ ಸಂಚಿಕೆ ಅವಳ ಸಿಟ್ಟಿನ ಕೂಗಿನೊಂದಿಗೇ ತೆರೆದುಕೊಳ್ಳುತ್ತದೆ. ಶಾಲೆಯ ನ್ಯಾಯ ಝೇವಿಯರನ ಕಡೆಗಿದೆ, ತಂಡದ ನ್ಯಾಯ ಕಿಟ್ಟಿಯ ಕಡೆಗಿದೆ. ಕೊನೆಗೆ ಅವಳು ತಂಡದಲ್ಲೇ ಉಳಿಯುತ್ತಾಳಾದರೂ, ಗುರುವಿನ ಆತಂಕ ತಪ್ಪೆಂದು ಕತೆ ಹೇಳುವುದಿಲ್ಲ. ಕ್ಲೇರ್‌ಮಾಂಟನ ಹಿರಿಮೆ ಇರುವುದು ಈ ಸಂಯಮದಲ್ಲಿ.

ಆ ಕಿರಿಯರ ಗುಂಪೇ 1982ರಲ್ಲಿ ಕ್ಲೇರ್‌ಮಾಂಟ್ ಮತ್ತು ಬಾಬ್ ಮೆಕ್‌ಲಾಯ್ಡ್ ಸೃಷ್ಟಿಸಿದ ‘ನ್ಯೂ ಮ್ಯುಟೆಂಟ್ಸ್’. ಕೆಂಟಕಿಯ ಕಲ್ಲಿದ್ದಲ ಗಣಿಯಲ್ಲಿ ದುಡಿದ ಸ್ಯಾಮ್ ಗತ್ರಿ, ಬ್ರೆಜಿಲ್‌ನ ಸಿರಿವಂತರ ಮಗ ರಾಬರ್ಟೊ, ವಿಯೆಟ್ನಾಂನ ನಿರಾಶ್ರಿತೆ ಶಾನ್, ತೋಳದ ರೂಪ ತಾಳುವ ತನ್ನ ದೇಹವನ್ನೇ ಪಾಪವೆಂದು ನಂಬಿ ಬೆಳೆದ ಸ್ಕಾಟ್ಲೆಂಡಿನ ರೇನ್, ಮತ್ತು ಶೈಯನ್ ಬುಡಕಟ್ಟಿನ ಡ್ಯಾನಿ ಮೂನ್‌ಸ್ಟಾರ್ ಇದರ ಮೊದಲ ಐವರು. ಇವರು ತಂಡವಾಗಬಾರದು, ತಮ್ಮ ಶಕ್ತಿಯನ್ನು ಹತೋಟಿಯಲ್ಲಿಡಲು ಕಲಿತರೆ ಸಾಕು ಎಂಬುದು ಝೇವಿಯರನ ಘೋಷಿತ ನಿಯಮವಾಗಿತ್ತು. ಅದು ಮತ್ತೆಮತ್ತೆ ಮುರಿಯುವುದೇ ಸರಣಿಯ ಕತೆ. 1984ರಲ್ಲಿ ಬಿಲ್ ಸಿಂಕೆವಿಚ್ ಚಿತ್ರಿಸತೊಡಗಿದ ಮೇಲೆ ಈ ಕತೆಗೆ ತಕ್ಕ ರೇಖೆಯೂ ದೊರೆಯಿತು. ಡ್ಯಾನಿಯನ್ನು ಬಾಲ್ಯದಿಂದ ಕಾಡಿದ ‘ಡೀಮನ್ ಬೇರ್’ ಎಂಬ ಕರಡಿಯನ್ನು ಅವನು ಅಂಗಾಂಗ ಬಿಡಿಸಿ ಬರೆಯದೆ ಪುಟವನ್ನೇ ನುಂಗುವ ಕಪ್ಪು ರಾಶಿಯಾಗಿ ಬರೆದನು. ಹದಿಹರೆಯದ ಭಯಕ್ಕೆ ಗಾತ್ರದ ಲೆಕ್ಕವಿರುವುದಿಲ್ಲ ಎಂಬುದನ್ನು ಅಮೆರಿಕದ ಕಾಮಿಕ್ಸ್ ಅಷ್ಟು ಚೆನ್ನಾಗಿ ತೋರಿಸಿದ ಉದಾಹರಣೆಗಳು ವಿರಳ.

ಈ ಗುಂಪಿಗೆ ಆಮೇಲೆ ಸೇರಿದ ಡಗ್ ರ‍್ಯಾಮ್ಸಿಯ ವಿಷಯದಲ್ಲಿ ತುಸು ನಿಲ್ಲಬೇಕು. ಯಾವ ಭಾಷೆಯನ್ನಾದರೂ, ಸಂಕೇತಲಿಪಿಯನ್ನಾದರೂ, ಕಂಪ್ಯೂಟರಿನ ಆಜ್ಞಾವಳಿಯನ್ನಾದರೂ ಅರ್ಥಮಾಡಿಕೊಳ್ಳುವುದು ಅವನ ಶಕ್ತಿ. ವಿದ್ಯೆಯ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ದೊಡ್ಡ ವರ ಬೇರೊಂದಿಲ್ಲ, ಹೊಡೆದಾಟದ ದೃಷ್ಟಿಯಿಂದ ನೋಡಿದರೆ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. 1988ರಲ್ಲಿ, ಲೂಯೀಸ್ ಸೈಮನ್‌ಸನ್ ಬರೆಯುತ್ತಿದ್ದ ಕಾಲದಲ್ಲಿ, ರೇನ್‌ಳತ್ತ ಹಾರಿಸಿದ ಗುಂಡಿಗೆ ಅಡ್ಡ ಬಂದು ಡಗ್ ಸಾಯುತ್ತಾನೆ. ಶಾಲೆಯೊಂದು ತಂಡವಾಗಿ ಮಾತ್ರ ಉಳಿದಾಗ ಮೊದಲು ಸಾಯುವವನು ಯಾರು ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು. 1991ರಲ್ಲಿ ನೂರನೆಯ ಸಂಚಿಕೆಗೆ ‘ನ್ಯೂ ಮ್ಯುಟೆಂಟ್ಸ್’ ಮುಗಿದು, ಅದರ ಜಾಗದಲ್ಲಿ ಭಾರಿ ಬಂದೂಕುಗಳ ‘ಎಕ್ಸ್-ಫೋರ್ಸ್’ ಬಂದಾಗ ಪ್ರತಿಗಳು ಅಪಾರವಾಗಿ ಮಾರಾಟವಾದವು. ಶಾಲೆ ಮಾತ್ರ ಪುಟಗಳಿಂದ ಮಾಯವಾಗಿತ್ತು.

ತಂಡಕ್ಕೆ ಯಾರನ್ನು ಸೇರಿಸಬೇಕು ಎಂಬ ಪ್ರಶ್ನೆ ಬಂದಾಗ ಮ್ಯುಟೆಂಟ್‌ಗಳ ಲೋಕವನ್ನು ಬಿಟ್ಟು ಹೊರಗೆ ನೋಡಬೇಕಾಗುತ್ತದೆ. ಡಿಸಿ ಸಂಸ್ಥೆಯ ‘ಲೀಜನ್ ಆಫ್ ಸೂಪರ್‌ಹೀರೋಸ್’, ಅಂದರೆ 1958ರಲ್ಲಿ ಮೊದಲು ಕಾಣಿಸಿಕೊಂಡ, ಸಾವಿರ ವರ್ಷ ಮುಂದಿನ ಕಾಲದ ಹದಿಹರೆಯದವರ ಕೂಟ, ಅರ್ಜಿದಾರರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸುವ ಪದ್ಧತಿಯನ್ನು ಇಟ್ಟುಕೊಂಡಿತ್ತು. 1963ರಲ್ಲಿ ಅಲ್ಲಿ ತಿರಸ್ಕೃತರಾದವರೇ ಸೇರಿ ಬದಲಿ ವೀರರ ತಂಡವೊಂದನ್ನು ಕಟ್ಟಿಕೊಳ್ಳುತ್ತಾರೆ; ಅವರ ನಾಯಕ ಪೋಲಾರ್ ಬಾಯ್‌ಗೆ ಶೀತವನ್ನು ಉಂಟುಮಾಡುವ ಶಕ್ತಿಯಿದೆ, ಗಿಡಗಳನ್ನು ಕ್ಷಣದಲ್ಲಿ ಬೆಳೆಸಬಲ್ಲವನೊಬ್ಬ ಅವನ ಜೊತೆಗಿದ್ದಾನೆ. ಓದುಗರಾದ ಮಕ್ಕಳಿಗೆ ಇವರು ಬಹಳ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಓದುಗರಲ್ಲಿ ಒಬ್ಬನಾದ ಜಿಮ್ ಶೂಟರ್ ಲೀಜನ್ನಿನ ಕತೆಯನ್ನು ತಾನೇ ಬರೆದು ಕಳುಹಿಸಿದ. 1966ರಲ್ಲಿ ಅದು ಪ್ರಕಟವಾದಾಗ ಅವನ ವಯಸ್ಸು ಹದಿನಾಲ್ಕು.

ಇದೇ ಪರೀಕ್ಷೆಯ ವಿಚಾರವನ್ನು ಅತ್ಯಂತ ಸೂಕ್ಷ್ಮವಾಗಿ ಬೆಳೆಸಿದವನು ಜಪಾನಿನ ಕೊಹೆಯಿ ಹೊರಿಕೊಶಿ. 2014ರಿಂದ 2024ರವರೆಗೆ ವಾರಪತ್ರಿಕೆಯಲ್ಲಿ ಬಂದ ಅವನ ಮಂಗಾ, ಎಂದರೆ ಜಪಾನೀ ಶೈಲಿಯ ಕಾಮಿಕ್ಸ್, ‘ಮೈ ಹೀರೊ ಅಕಾಡೆಮಿಯಾ’ದಲ್ಲಿ ಯು.ಎ. ಪ್ರೌಢಶಾಲೆಯ ಪ್ರವೇಶ ಪರೀಕ್ಷೆಯೆಂದರೆ ರೋಬೋಗಳನ್ನು ಒಡೆದು ಅಂಕ ಗಳಿಸುವುದು. ನಾಯಕ ಇಝುಕು ಮಿಡೊರಿಯಾ ಒಂದು ಅಂಕವನ್ನೂ ಗಳಿಸುವುದಿಲ್ಲ. ಆದರೆ ಸಹ ಅಭ್ಯರ್ಥಿಯನ್ನು ಉಳಿಸಲು ಮುನ್ನುಗ್ಗಿದ್ದಕ್ಕಾಗಿ, ಯಾರಿಗೂ ತಿಳಿಸದೆ ಇಟ್ಟಿದ್ದ ರಕ್ಷಣಾ ಅಂಕಗಳಲ್ಲಿ ಅವನಿಗೆ 60 ದೊರೆಯುತ್ತವೆ. ಹೊರಿಕೊಶಿ ಅಷ್ಟಕ್ಕೇ ನಿಲ್ಲದೆ, ಆ ಪರೀಕ್ಷೆಯ ದೋಷವನ್ನೂ ತೋರಿಸುತ್ತಾನೆ: ಮಾತಿಗೆ ಉತ್ತರ ಕೊಟ್ಟವರ ಮನಸ್ಸನ್ನು ವಶಮಾಡಿಕೊಳ್ಳಬಲ್ಲ ಶಿನ್ಸೊ ಎಂಬ ಹುಡುಗ, ಯಂತ್ರಗಳಿಗೆ ಮನಸ್ಸಿಲ್ಲದ ಕಾರಣ ಅನುತ್ತೀರ್ಣನಾಗಿ ಸಾಮಾನ್ಯ ವಿಭಾಗಕ್ಕೆ ಸೇರುತ್ತಾನೆ. ವೀರರಾಗುವವರ ವಿಭಾಗದ ಜೊತೆಗೆ ಸಾಮಾನ್ಯ ಶಿಕ್ಷಣ, ಸಲಕರಣೆ ತಯಾರಿಕೆ ಮತ್ತು ವ್ಯವಹಾರ ನಿರ್ವಹಣೆಯ ವಿಭಾಗಗಳೂ ಆ ಶಾಲೆಯಲ್ಲಿರುವುದರಿಂದ, ಹೊಡೆದಾಡಲಾರದ ಮಗುವಿಗೂ ಅಲ್ಲಿ ಒಂದು ಮೇಜು ಇದೆ. ಡಗ್ ರ‍್ಯಾಮ್ಸಿ ಅಲ್ಲಿ ಓದಿದ್ದರೆ ಬದುಕುತ್ತಿದ್ದನೇನೊ.

ಗುರುಗಳ ಆಯ್ಕೆಯಲ್ಲಿ ಸಜ್ಜನರನ್ನು ಮಾತ್ರ ಹುಡುಕುವುದು ಕಲ್ಪನೆಯ ಬಡತನ. ಝೇವಿಯರ್ 1985ರಲ್ಲಿ ಶಾಲೆಯನ್ನು ತನ್ನ ಹಳೆಯ ಶತ್ರು ಮ್ಯಾಗ್ನೀಟೊನ ಕೈಗೊಪ್ಪಿಸಿ ಹೋದದ್ದು, ಮತ್ತು ಪ್ರತಿಸ್ಪರ್ಧಿ ಶಾಲೆಯ ತನ್ನ ಶಿಷ್ಯರನ್ನು ಸಾವಿಗೆ ಕಳೆದುಕೊಂಡ ಖಳನಾಯಕಿ ಎಮಾ ಫ್ರಾಸ್ಟ್ 1994ರ ‘ಜನರೇಷನ್ ಎಕ್ಸ್’ನಲ್ಲಿ ಹೊಸ ಮಕ್ಕಳಿಗೆ ಗುರುವಾದದ್ದು, ಈ ಎರಡೂ ನಿರ್ಧಾರಗಳು ಪಾಠದ ಕೋಣೆಗೆ ನಿಜವಾದ ಬಿಗುವನ್ನು ತಂದವು. ಮಕ್ಕಳನ್ನು ಒಮ್ಮೆ ಕಳೆದುಕೊಂಡ ಗುರು ಎರಡನೆಯ ಸಲ ಕಲಿಸುವ ಬಗೆಯೇ ಬೇರೆ, ಮತ್ತು ಎಮಾಳ ಒರಟು ಮಾತಿನ ಹಿಂದೆ ಆ ಭಯ ಸದಾ ಕೇಳಿಸುತ್ತದೆ.

ಈ ದಾರಿಯಲ್ಲಿ ಬಹುದೂರ ಹೋದ ಕೃತಿ 2010ರಲ್ಲಿ ಕ್ರಿಸ್ಟೋಸ್ ಗೇಜ್ ಬರೆದು ಮೈಕ್ ಮೆಕೋನ್ ಚಿತ್ರಿಸಿ ಆರಂಭಿಸಿದ ‘ಅವೆಂಜರ್ಸ್ ಅಕಾಡೆಮಿ’. ಆರು ಮಂದಿ ಹೊಸಬರನ್ನು ಅತ್ಯಂತ ಭರವಸೆಯ ಮಕ್ಕಳೆಂದು ಹೇಳಿ ಸೇರಿಸಿಕೊಳ್ಳಲಾಗುತ್ತದೆ. ಮೊದಲ ಸಂಚಿಕೆಯ ಕೊನೆಯಲ್ಲಿ ಕಡತಗಳನ್ನು ತೆರೆದು ನೋಡಿದ ಮಕ್ಕಳಿಗೆ, ಮುಂದೆ ದುಷ್ಟರಾಗುವ ಸಾಧ್ಯತೆ ಎಲ್ಲರಿಗಿಂತ ಹೆಚ್ಚಿರುವುದರಿಂದಲೇ ತಮ್ಮನ್ನು ಆರಿಸಿದ್ದಾರೆ ಎಂಬುದು ಗೊತ್ತಾಗುತ್ತದೆ. ಅವರಲ್ಲಿ ಹ್ಯಾಜ್‌ಮ್ಯಾಟ್ ಎಂಬ ಹುಡುಗಿಯ ಮೈಯಿಂದ ವಿಷವೂ ವಿಕಿರಣವೂ ಹೊಮ್ಮುವುದರಿಂದ ಅವಳು ಸದಾ ರಕ್ಷಾಕವಚದೊಳಗೆ ಇರಬೇಕು. ಮೆಟಲ್ ಎಂಬ ಹುಡುಗನ ದೇಹ ಲೋಹವಾಗಿರುವುದರಿಂದ ಸ್ಪರ್ಶವೇ ತಿಳಿಯದು. ವೇಲ್ ಎಂಬವಳು ಅನಿಲವಾಗಬಲ್ಲಳು, ಆದರೆ ದಿನದಿನಕ್ಕೆ ಕರಗಿಹೋಗುತ್ತಿದ್ದಾಳೆ. ಹ್ಯಾಜ್‌ಮ್ಯಾಟ್ ಕವಚ ಕಳಚಿ ಹತ್ತಿರ ಕೂರಬಹುದಾದದ್ದು ಅವಳ ವಿಷ ತಾಗದ ಆ ಲೋಹದ ಹುಡುಗನ ಬಳಿ ಮಾತ್ರ. ಅವರಿಬ್ಬರ ನಡುವೆ ಒಲವು ಹುಟ್ಟುವುದನ್ನು ಗೇಜ್ ಅವಸರವಿಲ್ಲದೆ ಬರೆಯುತ್ತಾನೆ. ಇತ್ತ, ನೋಡಿದ ಕೌಶಲವನ್ನೆಲ್ಲ ಕೂಡಲೇ ಕಲಿಯಬಲ್ಲ ಫಿನೆಸ್ ಎಂಬ ವಿದ್ಯಾರ್ಥಿನಿ, ಹಿಂದೊಮ್ಮೆ ಮ್ಯಾಗ್ನೀಟೊನ ಪಾಳೆಯದಲ್ಲಿದ್ದು ಈಗ ಮೇಷ್ಟರಾಗಿರುವ ಕ್ವಿಕ್‌ಸಿಲ್ವರನ ಬಳಿಗೆ ಗುಟ್ಟಾಗಿ ಹೋಗಿ, ಆ ಪಾಳೆಯದಲ್ಲಿ ಕಲಿತದ್ದನ್ನು ತನಗೂ ಕಲಿಸಬೇಕೆಂದು ಪಟ್ಟುಹಿಡಿಯುತ್ತಾಳೆ.