ಕೆಂಪು ಗೆರೆಗೆ ಕನ್ನಡ ಬರೋದಿಲ್ಲ

ಮಾತ್ರೆ ಸ್ಟ್ರಿಪ್ಪಿನ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಇರುತ್ತಲ್ಲ, ಗಮನಿಸಿದೀರಾ? ಡಾಕ್ಟರ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ತಗೋಬೇಡಿ ಅಂತ ಹೇಳೋದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಆ ಗೆರೆಯ ಪ್ರಚಾರ ಶುರು ಮಾಡಿತು. ಸಿನಿಮಾ, ಪುಸ್ತಕಗಳನ್ನು ವಿಮರ್ಶೆ ಮಾಡುವ ನಾವು ಇಂಥ ಸಂದೇಶಗಳನ್ನು ಹಾಗೇ ಬಿಟ್ಟುಬಿಡ್ತೀವಿ. ಕೋಟ್ಯಂತರ ಜನರ ಕೈಗೆ ಹೋಗುವ ಬರಹ ಅದು. ನನ್ನ ಪ್ರಕಾರ ಸೋತ ಬರಹ.

ಯಾಕೆ ಅಂದರೆ, ಅದನ್ನು ಯಲಬುರ್ಗಾ ತಾಲ್ಲೂಕಿನ ನಮ್ಮ ಬೇವೂರಿನಲ್ಲಿ ನಿಂತು ಓದಿ. ಎಚ್ಚರಿಕೆಯೆಲ್ಲ ಸಣ್ಣ ಅಕ್ಷರದ ಇಂಗ್ಲಿಷ್. ನಮ್ಮ ಕಡೆ ಡಯಾಬಿಟಿಸ್ ಅಂದರೆ ‘ಸಕ್ಕರಿ ಬ್ಯಾನಿ’. ಅದಿರುವ ಹೆಂಗಸು ‘ಒಂದಕ್ಕ ಹೋದ್ರ ಉರಿತೈತ್ರಿ’ ಅಂತ ಗಂಡಸು ಡಾಕ್ಟರ ಮುಂದೆ ಹೇಳೋಕೆ ನಾಚುತ್ತಾಳೆ. ಬಿಸಿಲಿಗೆ ಉಷ್ಣ ಆಗೇತಿ ಅಂತ ಮಜ್ಜಿಗೆ ಕುಡೀತಾಳೆ. ಕಡಿಮೆಯಾಗದಿದ್ದರೆ ಹೋದ ಸಲದ ಖಾಲಿ ಸ್ಟ್ರಿಪ್ ಮಗನ ಕೈಗೆ ಕೊಟ್ಟು, ‘ಇಂಥವ ನಾಕ್ ಗುಳಿಗಿ ಇಸ್ಕೊಂಡ್ ಬಾ’ ಅಂತ ಕಳಿಸ್ತಾಳೆ. ಬೇಡ ಅನ್ನಬೇಕಿದ್ದ ಗೆರೆಯೇ ಮಾತ್ರೆಯ ಗುರುತಾಗಿಬಿಡುತ್ತೆ.

ಸಕ್ಕರೆ ಕಾಯಿಲೆಯವರಿಗೆ ಇದು ದುಬಾರಿ. ನರಗಳು ಸೋತಾಗ ಮೂತ್ರಚೀಲ ಪೂರ್ತಿ ಖಾಲಿಯಾಗೋದಿಲ್ಲ, ಉಳಿದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. ಸೋಂಕು ಕಿಡ್ನಿಗೆ ಏರಿದರೆ ಜೀವಕ್ಕೇ ಕುತ್ತು. ಹಾಗಂತ ಎಲ್ಲ ಉರಿಯೂ ಬ್ಯಾಕ್ಟೀರಿಯಾದ್ದಲ್ಲ. ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತೆ. ಅದರಿಂದ ಬರುವ ತುರಿಕೆ, ಉರಿ ಹಲವು ಸಲ ಫಂಗಸ್‌ನದ್ದು. ಆ್ಯಂಟಿಬಯೋಟಿಕ್ ಅದನ್ನು ಹೆಚ್ಚಿಸಲೂಬಹುದು. ಇನ್ನು, ತೊಂದರೆಯೇ ಇಲ್ಲದೆ ಬರೀ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡರೆ, ಗರ್ಭಿಣಿಯರಂಥ ಕೆಲವರನ್ನು ಬಿಟ್ಟು, ಸಕ್ಕರೆ ಕಾಯಿಲೆ ಇದ್ದರೂ ಸಾಮಾನ್ಯವಾಗಿ ಮಾತ್ರೆ ಬೇಕಿಲ್ಲ.

ಬೇಡದ ಪ್ರತಿ ಮಾತ್ರೆ ಮೆತ್ತಗಿನ ಬ್ಯಾಕ್ಟೀರಿಯಾ ಕೊಂದು ಗಟ್ಟಿಯವನ್ನು ಉಳಿಸುತ್ತೆ. ಕಾರ್ಬಪೆನೆಮ್ ಎಂಬ ಮೀಸಲು ಔಷಧಗಳನ್ನೇ ಮುರಿಯುವ ಎನ್‌ಡಿಎಂ-1 ಕಿಣ್ವ 2009ರಲ್ಲಿ ಮೊದಲು ವರದಿಯಾಯ್ತು. ಸಿಕ್ಕಿದ್ದು ಸ್ವೀಡನ್ನಿನಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಹೋಗಿದ್ದ ಸಕ್ಕರೆ ಕಾಯಿಲೆಯ ಒಬ್ಬರ ಮೂತ್ರದಲ್ಲಿ. ಅದಕ್ಕೆ ‘ನ್ಯೂ ಡೆಲ್ಲಿ’ ಅಂತ ಹೆಸರಿಟ್ಟರಲ್ಲ ಅಂತ ನಮ್ಮ ದೇಶ ಜಗಳಕ್ಕೆ ನಿಂತಿತು.

ಕಾನೂನು ಇಲ್ಲ ಅಂತಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಇದೆ. ಆ ಪಟ್ಟಿಯ ಔಷಧ ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಆ ರಿಜಿಸ್ಟರನ್ನು 3 ವರ್ಷ ಇಡಬೇಕು. ಆದರೆ ಗೆರೆ, ಕಾನೂನು ಎರಡೂ ‘ಬೇಡ’ ಅನ್ನುತ್ತವೆ. ಮತ್ತೇನು ಮಾಡಬೇಕು ಅನ್ನೋದಿಲ್ಲ. ನನ್ನನ್ನು ಕೇಳಿದರೆ ಸ್ಟ್ರಿಪ್ ಮೇಲೆ ಹೀಗೆ ಬರೀಬೇಕು: ‘ಉರಿತೈತೇನ್ರಿ? ಡಾಕ್ಟರ್‌ಗೆ ತೋರಿಸ್ರಿ, ಮೊದಲು ಮೂತ್ರ ಕಲ್ಚರ್‌ಗೆ ಕೊಡ್ರಿ, ಆಮ್ಯಾಲೆ ಗುಳಿಗಿ.’ ಕಲ್ಚರ್ ರಿಪೋರ್ಟಿಗೆ ಎರಡು ಮೂರು ದಿನ ಬೇಕು. ಜ್ವರ, ಚಳಿ, ಪಕ್ಕೆನೋವು ಇದ್ದರೆ ಅಷ್ಟು ಕಾಯೋ ಹಾಗಿಲ್ಲ. ಡಾಕ್ಟರು ತಕ್ಷಣ ಔಷಧ ಶುರು ಮಾಡಿ, ರಿಪೋರ್ಟ್ ನೋಡಿ ಬೇಕಾದರೆ ಬದಲಿಸ್ತಾರೆ.

ಆದರೆ ಒಳ್ಳೆ ಕನ್ನಡವೊಂದೇ ಸಾಲದು. ಪರೀಕ್ಷೆಗೆ ಕೊಪ್ಪಳಕ್ಕೆ ಹೋದರೆ ಒಂದು ದಿನದ ಕೂಲಿ ಹೋಯ್ತು. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಶುರು ಮಾಡಿದೆ. ಹಾಗೆ ಬಂದವರು ಉರಿಯ ಬಗ್ಗೆಯೂ ಒಂದು ಮಾತು ಕೇಳಿ, ಇದ್ದರೆ ಮೂತ್ರದ ಸ್ಯಾಂಪಲ್ ಒಯ್ಯುವ ವ್ಯವಸ್ಥೆಯಾದರೆ ಗೆರೆಗೂ ಒಂದು ಅರ್ಥ ಬರುತ್ತೆ.

ಅಲ್ಲಿವರೆಗೆ, ಊರಿಗೆ ಫೋನ್ ಮಾಡಿದಾಗ ‘ಶುಗರ್ ಎಷ್ಟೈತವ್ವಾ?’ ಅಂತ ಕೇಳ್ತೀವಲ್ಲ, ಜೊತೆಗೆ ಉರಿಯ ವಿಷಯವನ್ನೂ ಕೇಳೋಣ. ನಾಚಿಕೆ ಮೊದಲು ನಾವು ಬಿಡೋಣ.