ವಿಟಮಿನ್ ತಾನೇ, ಏನಾಗುತ್ತೆ?

ನಾಗಪುರದ ಧಂತೋಲಿ, ರಾಮದಾಸಪೇಟೆಗಳಲ್ಲಿ ಹೆಜ್ಜೆಗೊಂದು ಆಸ್ಪತ್ರೆ. ಸ್ಕ್ಯಾನಿಂಗ್ ಮುಗಿಸಿ ಬಂದವರ ಕೈಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ (ಲಿವರ್‌ನಲ್ಲಿ ಕೊಬ್ಬು ಸೇರಿದ ಮೊದಲ ಹಂತ) ಎಂಬ ರಿಪೋರ್ಟು, ಜೊತೆಗೆ ವಿಟಮಿನ್ ಇ ಗುಳಿಗೆಯ ಚೀಟಿ. ಪರಿಚಯದ ಮನೆಗಳಲ್ಲಿ ಈ ಜೋಡಿಯನ್ನು ಎಷ್ಟೋ ಸಲ ಕಂಡಿದ್ದೇನೆ. ಚೀಟಿ ಇಲ್ಲದೆ ತಾವೇ ಕೊಂಡು ನುಂಗುವವರೂ ಇದ್ದಾರೆ. ‘ವಿಟಮಿನ್ ತಾನೇ, ಏನಾಗುತ್ತೆ?’ ಎನ್ನುತ್ತಾರೆ. ಈ ಧೈರ್ಯಕ್ಕೆ ಆಧಾರ ಸಾಲದು ಎಂಬುದು ನನ್ನ ತಕರಾರು.

ಈ ರೂಢಿಯ ಬೆನ್ನಿಗಿರುವುದು ಮುಖ್ಯವಾಗಿ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ‘ಪಿವೆನ್ಸ್’ ಅಧ್ಯಯನ. ಅದರಲ್ಲಿದ್ದವರು 247 ವಯಸ್ಕರು; ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. ಲಿವರ್‌ನ ಚೂರು ತೆಗೆದು ಪರೀಕ್ಷಿಸಿ, ಕೊಬ್ಬಿನ ಜೊತೆ ಉರಿಯೂತವೂ ಇದೆ ಎಂದು ಖಚಿತಪಡಿಸಿಕೊಂಡೇ ಅವರನ್ನು ಆರಿಸಿದ್ದರು. 96 ವಾರ ದಿನಕ್ಕೆ 800 ಯೂನಿಟ್ ವಿಟಮಿನ್ ಇ ತೆಗೆದುಕೊಂಡವರಲ್ಲಿ ಶೇ. 43 ಮಂದಿ ಸುಧಾರಿಸಿದರು. ಔಷಧವಿಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ ಶೇ. 19. ರಕ್ತಪರೀಕ್ಷೆಯನ್ನಷ್ಟೇ ನೆಚ್ಚದೆ, ಕೊನೆಯಲ್ಲೂ ಲಿವರ್‌ನ ಚೂರು ತೆಗೆದು ನೋಡಿದ ಆ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಲಿವರ್ ಗಡಸಾಗಿಸುವ ಕಲೆಗಟ್ಟುವಿಕೆ, ಅಂದರೆ ಫೈಬ್ರೋಸಿಸ್, ಗಮನಾರ್ಹವಾಗಿ ಇಳಿಯಲಿಲ್ಲ. ರೋಗಿಯ ಮುಂದಿನ ದಿನಗಳನ್ನು ಹೆಚ್ಚಾಗಿ ನಿರ್ಧರಿಸುವುದು ಅದೇ.

ಇನ್ನು ನಮ್ಮವರ ಕಡೆ ನೋಡಿ. ಫ್ಯಾಟಿ ಲಿವರ್ ಇರುವ ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆಯೂ ಇರುತ್ತದೆ. 2019ರಲ್ಲಿ ಪ್ರಕಟವಾದ, ಅಂಥವರ ಮೇಲೆಯೇ ನಡೆದ ಪ್ರಯೋಗದಲ್ಲಿ ವಿಟಮಿನ್ ಇ ಒಂದೇ ಕೊಟ್ಟಾಗ ಮುಖ್ಯ ಗುರಿ ಮುಟ್ಟಲಿಲ್ಲ. ಗ್ರೇಡ್ 1 ಎಂಬ ಸ್ಕ್ಯಾನಿಂಗ್ ಮಾತು ಉರಿಯೂತದ ಸುದ್ದಿಯನ್ನೇ ಹೇಳುವುದಿಲ್ಲ. ಹೀಗಿರುವಾಗ ಆ 247 ಜನರ ಫಲಿತಾಂಶವನ್ನು ಇವರೆಲ್ಲರಿಗೂ ಹೊಂದಿಸುವುದು ಹೇಗೆ?

ಹಾನಿಯ ಮಾತು ಸಣ್ಣದಲ್ಲ. ಸುಮಾರು 35 ಸಾವಿರ ಗಂಡಸರನ್ನು ಒಳಗೊಂಡಿದ್ದ ‘ಸೆಲೆಕ್ಟ್’ ಅಧ್ಯಯನದ 2011ರ ವರದಿಯಂತೆ, ದಿನಕ್ಕೆ 400 ಯೂನಿಟ್ ವಿಟಮಿನ್ ಇ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಕಂಡಿತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ವಿಟಮಿನ್ ಇ ರಕ್ತಸ್ರಾವದ ಭಯವನ್ನೂ ತರುತ್ತದೆ. ಇ ಮಾತ್ರವಲ್ಲ, ವಿಟಮಿನ್ ಎ ಕೂಡ ಮಿತಿಮೀರಿದರೆ ಲಿವರ್‌ಗೇ ಪೆಟ್ಟು, ಏಕೆಂದರೆ ಅದು ಶೇಖರವಾಗುವುದೇ ಅಲ್ಲಿ.

ಎಲ್ಲ ವಿಟಮಿನ್‌ಗಳನ್ನೂ ತಳ್ಳಿಹಾಕುತ್ತಿಲ್ಲ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಔಷಧವನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇಳಿಯಬಹುದು, ಪರೀಕ್ಷಿಸಿ ಕೊಡಬೇಕು. ಡಿ ಕಡಿಮೆಯಿದ್ದರೆ ಮೂಳೆಗಾಗಿ ಬೇಕು. ಅದರಿಂದ ಲಿವರ್ ಕೊಬ್ಬು ಕರಗುತ್ತದೆ ಎಂಬುದಕ್ಕೆ ಮಾತ್ರ ಭದ್ರವಾದ ಪುರಾವೆ ಇಲ್ಲ.

ಹಾಗಾದರೆ ಲಿವರ್‌ಗೆ ನೆರವಾಗುವುದೇನು? ದಪ್ಪಗಿರುವವರು ತೂಕದಲ್ಲಿ ಶೇ. 7ರಿಂದ 10 ಇಳಿಸಿದರೆ ಉರಿಯೂತ ತಗ್ಗುತ್ತದೆ, ಕೆಲವರಲ್ಲಿ ಫೈಬ್ರೋಸಿಸ್ ಕೂಡ. 80 ಕಿಲೋ ತೂಗುವವರಿಗೆ ಅದು ಸುಮಾರು 6ರಿಂದ 8 ಕಿಲೋ. ತರ‍್ರಿ ಪೋಹೆ, ಸಾವಜಿ ಊಟದಂಥ ಎಣ್ಣೆ-ಖಾರದ ತಿನಿಸುಗಳ ಊರಿನಲ್ಲಿ ಇದು ಸುಲಭವಲ್ಲ ಎಂದು ಬಲ್ಲೆ. ಹುಬ್ಬಳ್ಳಿಯ ಸಾವಜಿ ಖಾನಾವಳಿಯಲ್ಲಿ ಉಂಡವರಿಗೂ ಗೊತ್ತು. ಎಣ್ಣೆ ಎಷ್ಟು, ಸಕ್ಕರೆ ಎಷ್ಟು, ಸಂಜೆ ಅಂಬಾಝರಿ ಕೆರೆಯ ಬದಿ ಎಷ್ಟು ಹೊತ್ತು ನಡೆಯಬೇಕು ಎಂದು ಕೂತು ವಿವರಿಸಲು ವೈದ್ಯರಿಗೆ ಅರ್ಧ ಗಂಟೆಯಾದರೂ ಬೇಕು. ಗುಳಿಗೆಯ ಹೆಸರು ಬರೆಯಲು ಅರೆನಿಮಿಷ ಸಾಕು. ನಾನು ನೋಡಿದ ಚೀಟಿಗಳಲ್ಲಿ ಅದನ್ನು ಎಂದು ನಿಲ್ಲಿಸಬೇಕೆಂದು ಬರೆದಿರಲಿಲ್ಲ.