ಯಾರನ್ನು ಕೇಳಿ ಬರೆದದ್ದು?

ಹೊಳೆನರಸೀಪುರದ ಅಕ್ಕನ ಮನೆಗೆ ನಾನು ಹೋದ ದಿನವೇ ಸಮೀಕ್ಷೆಯವರು ಬಂದರು. ಅಕ್ಕನ ಮಗನಿಗೆ 22 ವರ್ಷ, ಆಟಿಸಂ ಇದೆ. ‘ಸ್ವತಂತ್ರ ಜೀವನ’ದ ಬಗ್ಗೆ ಹನ್ನೆರಡು ಪುಟ ಪ್ರಶ್ನೆಗಳು. “ನಿಮ್ಮ ಮಗ ಒಬ್ಬನೇ ಇರಬಲ್ಲನೇ?” ಅಕ್ಕ ತಡವರಿಸಿದಳು. “ಇಲ್ಲ” ಎಂದು ನಾನೇ ಬಾಯಿ ಹಾಕಿದೆ. ಅವನು ಪಕ್ಕದಲ್ಲೇ ಕೂತಿದ್ದ.

ಅವರು ಹೋದ ಮೇಲೆ ಒಂದು ಚೀಟಿ ತಂದುಕೊಟ್ಟ: ‘ಹಾಸನದ ಬಸ್ ಹತ್ತುತ್ತೇನೆ. ಹಾರನ್ ಬೇಡ.’ ಆ ಹನ್ನೆರಡು ಪುಟಗಳಲ್ಲಿ ಬಸ್ಸೂ ಇರಲಿಲ್ಲ, ಹಾರನ್ನೂ ಇರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರ 6ನೇ ಕಲಮಿನಂತೆ, ಸಂಶೋಧನೆಗೆ ಮುನ್ನ ಅವರಿಗೆ ತಿಳಿಯುವ ರೀತಿಯಲ್ಲಿ ಹೇಳಿ ಅವರ ಒಪ್ಪಿಗೆಯನ್ನೇ ಪಡೆಯಬೇಕು; ಅನುಮತಿ ಕೊಡುವ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ವಿಕಲಚೇತನರೋ ಅವರ ನೋಂದಾಯಿತ ಸಂಘದವರೋ ಇರಬೇಕು. ಪ್ರಶ್ನೆ ಬರೆಯುವಾಗಲೂ ಅವರನ್ನು ಕೂರಿಸಿಕೊಂಡರಾಗದೇ? ಒಂದು ಸಲಕ್ಕೆ ಒಂದೇ ಪ್ರಶ್ನೆ, ಜೊತೆಗೊಂದು ಚಿತ್ರ, ಬರೆದು ಕೊಡಲು ಒಂದು ದಿನದ ಬಿಡುವು ಎಂದು ನಮ್ಮ ಹುಡುಗನೇ ಹೇಳಿಕೊಡುತ್ತಿದ್ದ.

ಗಣತಿಯವರು ಬಂದಾಗ ನಮ್ಮ ಗಂಡಸರು ನಮ್ಮ ಪರವಾಗಿ ‘ಏನೂ ಕೆಲಸವಿಲ್ಲ’ ಎಂದು ಬರೆಸಿದಾಗ ನಮಗೆ ಉರಿದಿರಲಿಲ್ಲವೇ? ಅಂದು ನಾನು ಮಾಡಿದ್ದೂ ಅದನ್ನೇ. ನನ್ನ ಆ ‘ಇಲ್ಲ’ ಯಾವುದೋ ಲೆಕ್ಕದಲ್ಲಿ ಅವನ ಉತ್ತರವಾಗಿ ಸೇರಿಹೋಗಿದೆ.